ಮೂರು ಮರಿಯಮ್ಮ ಮತ್ತು ನನ್ನ ಫೈಲು

ಕಣ್ಣಿಗೆ ಮದ್ದು ಬಿಟ್ಟು ಬೆಂಚಿನ ಮೇಲೆ ಕೂರಿಸಿದರೆ ಮನುಷ್ಯ ಬರೀ ಕಿವಿಯಾಗಿಬಿಡುತ್ತಾನೆ. ಬೆಳ್ತಂಗಡಿಯ ಕಣ್ಣಿನ ಡಾಕ್ಟರೊಬ್ಬರಲ್ಲಿ ನನಗಾದದ್ದು ಅದೇ. ಪಾಪೆ ಹಿಗ್ಗಲಿ ಎಂದು ಎರಡೂ ಕಣ್ಣಿಗೆ ಹನಿ ಹಾಕಿದ ನರ್ಸಮ್ಮ, "ಮುಚ್ಚಿ ಕೂತ್ಕೊಳ್ಳಿ, ಕರೀತೇನೆ" ಎಂದು ಒಳಗೆ ಹೋದರು. ಆಮೇಲೆ ಕರೆಯುವ ಲಕ್ಷಣವೇ ಇಲ್ಲ. ಕೈಯಲ್ಲಿದ್ದ ಪೇಪರಿನಲ್ಲಿ ದಪ್ಪಕ್ಷರದ ತಲೆಬರಹವೂ ಕಾಣುತ್ತಿರಲಿಲ್ಲ. ಹಾಗಾಗಿ ಅಕ್ಕಪಕ್ಕದವರ ಮಾತು ಕೇಳುವುದು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ. ಹಾಗೆ ಕದ್ದು ಕೇಳುವುದು ಮರ್ಯಾದಸ್ತರ ಲಕ್ಷಣವಲ್ಲ ಎಂದು ನನ್ನ ಹೆಂಡತಿ ಆಗಾಗ ಹೇಳುವುದುಂಟು. ಆದರೆ ನಾನು ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ "ಮತ್ತೆ ಎಂತ ಮಾತಾಡಿದರಂತೆ?" ಎಂದು ಕೇಳುವವಳೂ ಅವಳೇ.

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: "ಮರಿಯಮ್ಮ!"

ಬೆಂಚು ಒಮ್ಮೆಲೇ ಹಗುರಾಯಿತು. ನನ್ನ ಎಡಗಡೆಯಿಂದ ಒಬ್ಬರು, ಬಲಗಡೆಯಿಂದ ಒಬ್ಬರು, ಎದುರಿನ ಕುರ್ಚಿಯಿಂದ ಇನ್ನೊಬ್ಬರು ಎದ್ದು ನಿಂತರು. ಮಸುಕು ಕಣ್ಣಿಗೆ ಮೂರು ಬಣ್ಣ ಕಂಡಿತೇ ಹೊರತು ಮುಖ ಕಾಣಲಿಲ್ಲ. ಮಾತಿನಿಂದಲೇ ಗುರುತು ಹಿಡಿದೆ. ತಲೆಗೆ ಬಿಳಿ ಬಟ್ಟೆ ಹೊದ್ದವರು ಗುರುವಾಯನಕೆರೆ ಕಡೆಯ ಬ್ಯಾರಿ ಅಜ್ಜಿ. ಇನ್ನೊಬ್ಬರು ಚಾರ್ಮಾಡಿ ಹಾದಿಯ ರಬ್ಬರ್ ತೋಟದವರು. ಕನ್ನಡದ ಕೊನೆಗೆ ಮಲಯಾಳದ ಎಳೆತ ಇತ್ತು. ಮೂರನೆಯವರು ಮಡಂತ್ಯಾರಿನ ಬಾಯಮ್ಮ, ಎಂದರೆ ಕೊಂಕಣಿ ಕ್ರೈಸ್ತ ಹೆಂಗಸು. ಆಧಾರ್ ಕಾರ್ಡಿನಲ್ಲಿ ಅವರು ಮೇರಿ. ಆದರೆ ಚೀಟಿ ಬರೆಯುವ ಹುಡುಗಿ, ಅಷ್ಟು ವಯಸ್ಸಾದವರನ್ನು ಬರೀ ಮೇರಿ ಎನ್ನುವುದು ಹೇಗೆ ಎಂದುಕೊಂಡಳೋ ಏನೋ, ಮರಿಯಮ್ಮ ಎಂದೇ ಬರೆದಿದ್ದಳು.

"ಯಾವ ಮರಿಯಮ್ಮ?" ಎಂದು ಒಬ್ಬರು ಕೇಳಿದರು.

"ಪೊರೆ ಆಪರೇಶನ್ನಿನ ಮರಿಯಮ್ಮ" ಎಂದು ಒಳಗಿನಿಂದ ಉತ್ತರ ಬಂತು.

"ನಂದೂ ಪೊರೆಯೇ."

"ನಂದೂ."

ಮೂರು ಫೈಲುಗಳು ಮೇಜಿನ ಮೇಲೆ ಕಲೆಸಿಹೋದವು. ವಯಸ್ಸು ನೋಡಿ ಬೇರ್ಪಡಿಸೋಣವೆಂದರೆ ಮೂವರೂ ಎಪ್ಪತ್ತರ ಆಸುಪಾಸು. ಹುಟ್ಟಿದ ದಿನಾಂಕ ಕೇಳಿದರೆ ಮೂವರೂ ನಕ್ಕರು. ಈ ಗಡಿಬಿಡಿಯಲ್ಲಿ ನನ್ನ ಫೈಲು ಮರಿಯಮ್ಮಂದಿರ ಅಡಿಗೆ ಸೇರಿ, ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ಹೊರಗೆ ಬಂತು. ಬಂದಾಗ ಪಾಪೆ ಮತ್ತೆ ಕುಗ್ಗಿತ್ತು, ಪುನಃ ಹನಿ ಹಾಕಬೇಕಾಯಿತು. ನಾನು ಯಾರನ್ನೂ ದೂರುವುದಿಲ್ಲ. ಆ ಹೊತ್ತಿನಲ್ಲಿ ಮೂವರು ಅಜ್ಜಿಯರು ತುಳುವಿನಲ್ಲಿ ನಡೆಸಿದ ಮಾತುಕತೆ ಅಷ್ಟು ಚೆಂದ ಇತ್ತು. ಒಬ್ಬರ ಮನೆಮಾತು ಬ್ಯಾರಿ, ಒಬ್ಬರದು ಮಲಯಾಳ, ಒಬ್ಬರದು ಕೊಂಕಣಿ. ಮೂವರಿಗೂ ಹೊರಗಿನ ವ್ಯವಹಾರಕ್ಕೆ ತುಳು ಇದೆ. ಆಪರೇಶನ್ ಆದ ಮೇಲೆ ಎಷ್ಟು ದಿನ ತಲೆಗೆ ನೀರು ಹಾಕಬಾರದು, ಮೀನು ತಿನ್ನಬಹುದೇ, ಸೊಸೆ ಹನಿ ಬಿಡುವಾಗ ಕೈ ನಡುಗುವುದೇ ಎಂಬೆಲ್ಲ ಮುಖ್ಯ ವಿಷಯಗಳು ಚರ್ಚೆಯಾದವು. ಹೆಸರು ಒಂದೇ ಆದದ್ದು ಅವರಿಗೆ ಆಶ್ಚರ್ಯವೇ ಅಲ್ಲ. "ನಮ್ಮ ಕಡೆ ಮನೆಗೊಂದು ಮರಿಯಮ್ಮ ಉಂಟು" ಎಂದರು ಬ್ಯಾರಿ ಅಜ್ಜಿ. "ನಮ್ಮಲ್ಲಿ ಮನೆಗೆ ಎರಡು" ಎಂದರು ಬಾಯಮ್ಮ.

ನಾನಿರುವುದು ಸಿದ್ದಕಟ್ಟೆಯ ಹತ್ತಿರ. ಕಾಗದಪತ್ರಕ್ಕೆ ಬಂಟ್ವಾಳ, ಜವಳಿಗೆ ಮೂಡುಬಿದಿರೆ, ಕಣ್ಣಿಗೆ ಬೆಳ್ತಂಗಡಿ, ಹೀಗೆ ಮೂರು ಊರಿನ ಬಸ್ಸು ಕಾದು ಕಾದೇ ತಲೆ ಹಣ್ಣಾಗಿದೆ. ಕನ್ನಡ ಪಾಠ ಮಾಡಿ ನಿವೃತ್ತನಾದವನು ಎಂಬ ಕಾರಣಕ್ಕೆ ಊರಿನವರಿಗೆ ನಾನೊಂದು ಉಚಿತ ನಿಘಂಟು. ಮದುವೆ ಕಾಗದದ ಒಕ್ಕಣೆ, ಶಿಲಾಫಲಕದ ಕಾಗುಣಿತ, ಈಚೆಗೆ ಹುಟ್ಟಿದ ಮಕ್ಕಳ ಹೆಸರಿನ ಅರ್ಥ, ಎಲ್ಲವೂ ನನ್ನ ಜಗಲಿಗೇ ಬರುತ್ತವೆ. ಈ ಅರ್ಥ ಕೇಳುವ ಚಟ ಹೊಸದು. ನನ್ನಜ್ಜಿಯ ಹೆಸರು ದೂಮು. ಅದರ ಅರ್ಥ ಏನೆಂದು ಅಜ್ಜಿಯನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಕೈಯಲ್ಲಿದ್ದ ಹಿಡಿಸೂಡಿ ಬೀಸಿ ಬರುತ್ತಿತ್ತು. ಅರ್ಥ ಗೊತ್ತಿರುವ ಹೆಸರಿನಿಂದಲಾದರೂ ಏನು ಮಹಾ ಉಪಕಾರ? ಮೂಡುಬಿದಿರೆ ಎಂದರೆ ಮೂಡಣದ ಬಿದಿರು ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿಗೆ ಹೋದವರು ಬಿದಿರು ಹುಡುಕುತ್ತಾರೆಯೇ? 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕಂಬ ಎಣಿಸಲು ಹೋಗುತ್ತಾರೆ, ಲೆಕ್ಕ ತಪ್ಪಿ ಹಿಂದೆ ಬರುತ್ತಾರೆ.

ಮರಿಯಮ್ಮನ ಮೂಲ ಹುಡುಕಿದರೆ ಸಿಗುವುದು ಹೀಬ್ರೂ ಭಾಷೆಯ ಮಿರ್ಯಾಮ್. ಯೆಹೂದಿಗಳ ಧರ್ಮಗ್ರಂಥದಲ್ಲಿ ಆಕೆ ಮೋಶೆಯ ಅಕ್ಕ. ಇಬ್ರಿಯರ ಗಂಡು ಕೂಸುಗಳನ್ನೆಲ್ಲ ನೈಲ್ ನದಿಗೆ ಎಸೆಯಿರಿ ಎಂದು ಫರೋಹನ ಆಜ್ಞೆಯಾದಾಗ, ತಾಯಿ ಕೂಸು ಮೋಶೆಯನ್ನು ಬುಟ್ಟಿಯಲ್ಲಿಟ್ಟು ಜೊಂಡಿನ ನಡುವೆ ಬಿಡುತ್ತಾಳೆ. ದೂರದಲ್ಲಿ ಅಕ್ಕ ನಿಂತು ಕಾಯುತ್ತಾಳೆ. ಫರೋಹನ ಮಗಳೇ ಸ್ನಾನಕ್ಕೆ ಬಂದು ಬುಟ್ಟಿ ಎತ್ತಿಸಿದಾಗ ಈ ಹುಡುಗಿ ಓಡಿಬಂದು, "ಹಾಲು ಕುಡಿಸಲು ಒಬ್ಬಳನ್ನು ಕರೆಯಲೇ?" ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿ ಹೆತ್ತ ತಾಯಿಯನ್ನೇ ಕರೆತರುತ್ತಾಳೆ. ಹೆತ್ತ ಮಗುವಿಗೆ ಹಾಲುಣಿಸಲು ಅರಮನೆಯ ಸಂಬಳ! ಆ ಜಾಗದಲ್ಲಿ ಅಕ್ಕನ ಹೆಸರು ಹೇಳಿಲ್ಲ, ಮಿರ್ಯಾಮಳೇ ಎಂಬುದು ನಂಬಿಕೆ. ಅಷ್ಟು ಚುರುಕಿನ ಹುಡುಗಿ ಬೇರೆ ಯಾರಿರಲು ಸಾಧ್ಯ?

ಮುಂದೆ ಇಬ್ರಿಯರು ಸಮುದ್ರ ದಾಟಿ ಬಂದ ಮೇಲೆ ತಮ್ಮಟೆ ಹಿಡಿದು ಹೆಂಗಸರನ್ನೆಲ್ಲ ಕುಣಿಸಿದವಳೂ ಇವಳೇ. ಇನ್ನೊಂದು ಕತೆ ಕನ್ನಡ ಬೈಬಲಿನ ಅರಣ್ಯಕಾಂಡದಲ್ಲಿದೆ. ಹೌದು, ಆ ಪುಸ್ತಕಕ್ಕೆ ಕನ್ನಡದಲ್ಲಿ ಅರಣ್ಯಕಾಂಡ ಎಂದೇ ಹೆಸರು. ಯಕ್ಷಗಾನ ನೋಡಿ ಬೆಳೆದ ನಾನು ಮೊದಲ ಸಲ ಅದನ್ನು ತೆರೆದಾಗ ಶೂರ್ಪನಖಿಯ ಪ್ರವೇಶಕ್ಕೆ ಕಾದೆ. ಬಂದದ್ದು ಜನಗಣತಿ. ಅದರ ಹನ್ನೆರಡನೆಯ ಅಧ್ಯಾಯದಲ್ಲಿ ಮಿರ್ಯಾಮಳೂ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಆರೋನನೂ ಸೇರಿ ಮೋಶೆಯ ಹೆಂಡತಿಯ ವಿಷಯ ಎತ್ತಿ ಮಾತಾಡುತ್ತಾರೆ. ಮಾತಾಡಿದ್ದು ಇಬ್ಬರು, ತೊನ್ನು ಬಂದದ್ದು ಅಕ್ಕನಿಗೆ ಮಾತ್ರ. ಇದರ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಕೆಯನ್ನು ಏಳು ದಿನ ಪಾಳೆಯದ ಹೊರಗಿಟ್ಟರು. ಆದರೆ ಆ ಏಳು ದಿನವೂ ಜನರೆಲ್ಲ ಗುಡಾರ ಕೀಳದೆ, ಒಂದು ಹೆಜ್ಜೆ ಮುಂದೆ ಹೋಗದೆ ಆಕೆಗಾಗಿ ಕಾದರು. ಮರಿಯಮ್ಮಂದಿರ ದೆಸೆಯಿಂದ ಜನ ಕಾದು ಕೂತದ್ದು ಬೆಳ್ತಂಗಡಿಯಲ್ಲೇ ಮೊದಲಲ್ಲ ಎಂದು ಓದಿ ಸಮಾಧಾನಪಟ್ಟೆ.

ಈ ಮಿರ್ಯಾಮ್ ನಮ್ಮ ಮೂರು ತಾಲೂಕಿಗೆ ಬಂದು ಸೇರಿದ್ದು ಮೂರು ದಾರಿಯಲ್ಲಿ. ಒಂದು ಅರಬ್ಬಿಯ ದಾರಿ. ಕುರ್‌ಆನಿನ 19ನೆಯ ಅಧ್ಯಾಯದ ಹೆಸರೇ ಮರ್ಯಮ್. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಹೆಂಗಸು ಈಸಾ ಪ್ರವಾದಿಯ ತಾಯಿ ಮರ್ಯಮ್ ಒಬ್ಬಳೇ. ಹೆರಿಗೆಯ ನೋವಿನಲ್ಲಿ ಆಕೆ ಖರ್ಜೂರದ ಮರಕ್ಕೆ ಒರಗಿದಾಗ, ಕಾಂಡ ಅಲುಗಿಸು, ಹಣ್ಣು ಬೀಳುತ್ತದೆ ಎಂಬ ಅಭಯ ಬರುತ್ತದೆ. ಬ್ಯಾರಿಗಳ ಮನೆಯಲ್ಲಿ ತಾಯಿ ಎಂದರೆ ಉಮ್ಮ. ಮರ್ಯಮ್ಮಿಗೆ ಉಮ್ಮ ಸೇರಿದರೆ ಯಾವ ಸಂಧಿಸೂತ್ರವೂ ಬೇಡ, ನಾಲಿಗೆಯೇ ಮರಿಯಮ್ಮ ಮಾಡಿಕೊಡುತ್ತದೆ. ಎರಡನೆಯದು ಸುರಿಯಾನಿ ದಾರಿ. ಕೇರಳದ ಹಳೆಯ ಕ್ರೈಸ್ತರು ಪೂಜೆಗೆ ಬಳಸುತ್ತಿದ್ದ ಆ ಭಾಷೆಯಲ್ಲೂ ಆಕೆ ಮರ್ಯಮ್ಮೇ. ಮಲಯಾಳದಲ್ಲಿ ಅದು ಮರಿಯಮ್ಮ, ಮರಿಯಕ್ಕುಟ್ಟಿ ಆಯಿತು. ತಿರುವಾಂಕೂರು ಕಡೆಯಿಂದ ಕಾಡು-ಗುಡ್ಡ ಹುಡುಕಿಕೊಂಡು ಬಂದು ಬೆಳ್ತಂಗಡಿ ತಾಲೂಕಿನಲ್ಲಿ ರಬ್ಬರ್ ನೆಟ್ಟವರ ಜೊತೆಗೆ ಆ ಮರಿಯಕ್ಕುಟ್ಟಿಯರೂ ಘಟ್ಟದ ಬುಡಕ್ಕೆ ಬಂದರು. ಅವರ ಸಂಖ್ಯೆ ಬೆಳೆದು 1999ರಲ್ಲಿ ಬೆಳ್ತಂಗಡಿಗೇ ಪ್ರತ್ಯೇಕ ಸಿರೋ-ಮಲಬಾರ್ ಧರ್ಮಪ್ರಾಂತ್ಯ ಆಯಿತು. ಮೂರನೆಯದು ಸುತ್ತು ದಾರಿ: ಹೀಬ್ರೂವಿನಿಂದ ಗ್ರೀಕಿಗೆ, ಅಲ್ಲಿಂದ ಲ್ಯಾಟಿನ್ನಿಗೆ, ಅಲ್ಲಿಂದ ಪೋರ್ಚುಗೀಸಿಗೆ ಹೋಗಿ ಮರಿಯಾ ಆಗಿ, ಗೋವಾದಿಂದ ಕೊಂಕಣಿ ಮಾತಾಡುತ್ತ ತೆಂಕಣಕ್ಕೆ ಇಳಿದದ್ದು. ಮರಿಯಾ ಮೇರಿಯಾದದ್ದು ಆಮೇಲೆ, ಇಂಗ್ಲಿಷರ ಆಳ್ವಿಕೆ ಬಂದು ಕಾನ್ವೆಂಟುಗಳಾದಾಗ.

ಹೀಗೆ ಮೂರು ಸಮುದ್ರ, ನಾಲ್ಕೈದು ಭಾಷೆ ದಾಟಿ ಬಂದ ಹೆಸರುಗಳು ಕೊನೆಗೆ ಒಂದೇ ಕ್ಲಿನಿಕ್ಕಿನ ಒಂದೇ ಬೆಂಚಿನಲ್ಲಿ ಕೂತು ಒಂದೇ ಕೂಗಿಗೆ ಓಗೊಟ್ಟವು. ಮೂಲದಲ್ಲಾದರೂ ಗೊಂದಲ ಇರಲಿಲ್ಲವೇ? ಇತ್ತು. ಯೇಸುವಿನ ಕಾಲದ ಯೆಹೂದಿ ಹೆಂಗಸರಲ್ಲಿ ಅತಿ ಹೆಚ್ಚು ಬಳಕೆಯಲ್ಲಿದ್ದದ್ದು ಈ ಹೆಸರೇ ಎಂದು ಸಮಾಧಿಗಳ ಬರಹ ಓದಿದ ವಿದ್ವಾಂಸರು ಹೇಳುತ್ತಾರೆ. ಯೋಹಾನನ ಸುವಾರ್ತೆಯ ಪ್ರಕಾರ ಶಿಲುಬೆಯ ಬಳಿ ನಿಂತವರಲ್ಲೂ ಮೂವರು ಮರಿಯಳು: ತಾಯಿ ಒಬ್ಬಳು, ಕ್ಲೋಪನ ಹೆಂಡತಿ ಒಬ್ಬಳು, ಮಗ್ದಲದವಳು ಒಬ್ಬಳು. ಗುರುತಿಗೆ ಒಬ್ಬಳಿಗೆ ಮಗ, ಒಬ್ಬಳಿಗೆ ಗಂಡ, ಒಬ್ಬಳಿಗೆ ಊರು. ನಮ್ಮ ನರ್ಸಮ್ಮನೂ ಕೊನೆಗೆ ಊರು ಕೇಳಿಯೇ ಫೈಲು ಹಂಚಿದ್ದು.

ಅಮ್ಮನ ವಿಷಯ ಬಂದದ್ದಕ್ಕೆ ಇನ್ನೆರಡು ಮಾತು. ನಮ್ಮ ಕಡೆಯ ಬ್ಯಾರಿ ಅಜ್ಜಿಯರಲ್ಲಿ ಅವ್ವಮ್ಮ ಎಂಬ ಹೆಸರೂ ಇದೆ. ಧಾರವಾಡದಿಂದ ವರ್ಗವಾಗಿ ಬಂದಿದ್ದ ನಮ್ಮ ಹೆಡ್ಮಾಸ್ಟರರು ಹಾಜರಿ ಪುಸ್ತಕದಲ್ಲಿ ತಾಯಿಯ ಹೆಸರು ಅವ್ವಮ್ಮ ಎಂದು ನೋಡಿ, "ಇದೇನ್ರೀ, ಅವ್ವನೂ ಅಮ್ಮನೂ ಕೂಡೇ ಬಂದಾರಲ್ಲ! ಹೆಸರು ಬರೀರಿ ಅಂದ್ರ ಸಂಬಂಧ ಬರದಾರ" ಎಂದು ಬೇಸರ ಮಾಡಿಕೊಂಡಿದ್ದರು. ಅದು ಹವ್ವಾ, ಆದಿಮಾತೆ ಹವ್ವ. ಹೀಬ್ರೂವಿನಲ್ಲಿ ಆ ಹೆಸರಿಗೆ ಜೀವದ ಸಂಬಂಧ ಇದೆ. ಸಾರಮ್ಮಂದಿರೂ ಇದ್ದಾರೆ, ಬ್ಯಾರಿಗಳಲ್ಲೂ ಮಲಯಾಳಿ ಕ್ರೈಸ್ತರಲ್ಲೂ. ಅಬ್ರಹಾಮನ ಹೆಂಡತಿ ಸಾರಾ, ಎಂದರೆ ರಾಜಕುಮಾರಿ, ಒಡತಿ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಅವರನ್ನು ನೆನೆದರೆ ಒಡತಿ ಎಂಬ ಅರ್ಥ ಸರಿಯಾಗಿಯೇ ಕೂತಿದೆ ಅನ್ನಿಸುತ್ತದೆ. ಹೀಗೆ ಒಮ್ಮೊಮ್ಮೆ ಕೂತುಬಿಡುತ್ತದೆ, ನಮ್ಮ ಕೈಯಲ್ಲಿಲ್ಲ.

ಆದರೆ ಮರಿಯಮ್ಮನಿಗೆ ಕನ್ನಡದಲ್ಲಿ ಒಂದು ತೊಂದರೆ ಇದೆ. ನಮಗೆ ಮರಿ ಎಂದರೆ ಆಡಿನ ಮರಿ, ನಾಯಿಮರಿ, ಕೋಳಿಮರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ತೆರೆದರೂ ಸಿಗುವುದು ಪ್ರಾಣಿಯ ಕೂಸೇ. ಕಿಟೆಲರು ಪಾದ್ರಿ, ಆ ಪುಟ ಬರೆಯುವಾಗ ಅವರಿಗೆ ಒಂದು ಕ್ಷಣ ಮರಿಯಳ ನೆನಪಾಗಿರಲಿಕ್ಕಿಲ್ಲವೇ ಎಂದು ನಾನು ಯೋಚಿಸಿದ್ದುಂಟು. ನನ್ನ ತರಗತಿಯಲ್ಲಿ ಮರಿಯಮ್ಮ ಎಂದು ಹಾಜರಿ ಕೂಗಿದರೆ ಹಿಂದಿನ ಬೆಂಚಿನಿಂದ "ಮ್ಯಾಂ" ಎಂಬ ಸದ್ದು ಕೇಳುತ್ತಿತ್ತು. ಆ ಸದ್ದು ಮಾಡುತ್ತಿದ್ದವನೀಗ ಬಿ.ಸಿ. ರೋಡಿನಲ್ಲಿ ದೊಡ್ಡ ಅಂಗಡಿ ಇಟ್ಟಿದ್ದಾನೆ, ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ನಾನೂ ಅದನ್ನು ನೆನಪಿಸುವುದಿಲ್ಲ.

ಮಕಾರಕ್ಕೆ ಒಂದು ದೀರ್ಘ ಬಿತ್ತೋ, ವಿಷಯವೇ ಬೇರೆ. ಮಾರಿಯಮ್ಮ ಎಂದರೆ ಕಾಪುವಿನ ಮಾರಿಗುಡಿ, ಸುಗ್ಗಿ ಮಾರಿಪೂಜೆ, ಆಟಿ ಮಾರಿಪೂಜೆ, ಜಾರ್ದೆ ಮಾರಿಪೂಜೆ, ವರ್ಷಕ್ಕೆ ಮೂರು ಸಲ ಊರಿಗೆ ಊರೇ ನಡೆಯುವ ದಾರಿ. ಅಲ್ಲಿ ತಮಾಷೆಗೆ ಜಾಗವಿಲ್ಲ. ಒಮ್ಮೆ ಒಂದು ಮಾರಿಪೂಜೆಯ ಆಮಂತ್ರಣದ ಕರಡು ತಿದ್ದಲು ನನ್ನಲ್ಲಿಗೆ ಬಂದಿತ್ತು. ಡಿಟಿಪಿ ಮಾಡಿದ ಹುಡುಗ ದೀರ್ಘ ನುಂಗಿದ್ದ. ಆಡಳಿತ ಸಮಿತಿಯವರಲ್ಲಿ ಒಬ್ಬರು, "ಇರಲಿ ಮಾಷ್ಟ್ರೇ, ನಮ್ಮ ಊರಿನ ಕ್ರಿಶ್ಚಿಯನ್ ಪೊರ್ಬುಗಳೂ ಬ್ಯಾರಿಗಳೂ ಹೇಗೂ ವಂತಿಗೆ ಕೊಡುವವರೇ, ಅವರಿಗೂ ಖುಷಿಯಾದೀತು" ಎಂದರು. ನಾನು ದೀರ್ಘ ಹಾಕಿಯೇ ಕಳಿಸಿದೆ. ವಿದ್ಯಾರ್ಥಿಗಳ ಕಾಗುಣಿತ ಕ್ಷಮಿಸಬಹುದು, ಮಾರಿಯದ್ದು ಆಗುವುದಿಲ್ಲ.

ಬಂಟ್ವಾಳದಿಂದ ಮಂಗಳೂರಿಗೆ ಹೋಗುವಾಗ ನೇತ್ರಾವತಿಯ ಬದಿಯಲ್ಲಿ ಫರಂಗಿಪೇಟೆ ಸಿಗುತ್ತದೆ. ಬಸ್ಸಿನಲ್ಲಿ ನಿದ್ದೆ ಹೋಗದವರಿಗೆ ಮಾತ್ರ ಸಿಗುತ್ತದೆ, ನನಗೆ ಸಿಕ್ಕಿದ್ದು ಕಡಿಮೆ. ಅಲ್ಲಿಯ ಗುಡ್ಡದ ಮೇಲಿನ ಇಗರ್ಜಿಯ ಹೆಸರು ಮೊಂತೆ ಮರಿಯಾನೊ, ಪೋರ್ಚುಗೀಸಿನಲ್ಲಿ ಮರಿಯಳ ಬೆಟ್ಟ. 1763ರಲ್ಲಿ ಅಲ್ಲಿದ್ದ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ ಅವರು ಮರಿಯಮ್ಮನ ಹುಟ್ಟುಹಬ್ಬವನ್ನು ಹೊಸ ತೆನೆಯ ಹಬ್ಬವಾಗಿ ಆಚರಿಸಲು ತೊಡಗಿದರು ಎಂಬುದು ಪ್ರತೀತಿ. ಅದೇ ಇವತ್ತಿನ ಮೊಂತಿ ಫೆಸ್ತ್. ಮಿರಾಂದಾರಿಗೆ ಹೈದರಾಲಿಯ ಸ್ನೇಹವಿತ್ತಂತೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಇಗರ್ಜಿಗಳನ್ನು ಕೆಡವಿಸಿದಾಗ ಈ ಬೆಟ್ಟದ ಇಗರ್ಜಿ ಉಳಿದದ್ದು ಆ ಸ್ನೇಹದಿಂದ ಎನ್ನುತ್ತಾರೆ. ಮೊಂತೆ ಎಂದರೆ ಬೆಟ್ಟ. ಕೊಂಕಣಿಯವರ ಬಾಯಲ್ಲಿ ಬೆಟ್ಟ ಉಳಿದು ಮರಿಯಳೇ ಬಿಟ್ಟುಹೋದಳು, ಹಬ್ಬ ಅವಳದ್ದೇ.

ಜೋಕಿಂ ಎಂಬುದೂ ಹೀಬ್ರೂ ಹೆಸರು, ಯೆಹೋಯಾಕೀಮ್. ಪರಂಪರೆಯ ಪ್ರಕಾರ ಮರಿಯಳ ತಂದೆಯ ಹೆಸರು ಅದೇ. ಹಾಗಾಗಿ ಮಗಳ ಹುಟ್ಟುಹಬ್ಬ ಮಾಡಲು ಅಪ್ಪನ ಹೆಸರಿನವರೇ ಫರಂಗಿಪೇಟೆಗೆ ಬಂದ ಹಾಗಾಯಿತು. ತಾಯಿಯ ಹೆಸರು ಇನ್ನೂ ರುಚಿ: ಅನ್ನಾ. ಹೀಬ್ರೂವಿನ ಹನ್ನಾ, ಎಂದರೆ ಕೃಪೆ. ಮಲಯಾಳಿಗಳಲ್ಲಿ ಅದು ಅನ್ನಮ್ಮ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ನೆಲೆಸಿದ್ದೂ ಸಂತ ಆ್ಯನ್ನಳ ಕಾನ್ವೆಂಟಿನಲ್ಲಿ. ಈಗ ನೋಡಿ, ಅನ್ನಮ್ಮನ ಮಗಳ ಹುಟ್ಟುಹಬ್ಬಕ್ಕೆ ಹೊಸ ಅಕ್ಕಿ ಸೇರಿಸಿ ಊಟ. ಕನ್ನಡದವರು ಕೂತು ಹೊಂದಿಸಿದ್ದರೂ ಇಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ.

ಈ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ನಮ್ಮ ಹಿತ್ತಿಲಿಗೆ ಹೂವಿನ ಯೋಗವಿಲ್ಲ. ಬೇಲಿಯಾಚೆಯ ನಮ್ಮ ನೆರೆಮನೆ ಬಾಯಮ್ಮನ ಮಕ್ಕಳು, ಅವರ ನೆಂಟರ ಮಕ್ಕಳು, ಕೊನೆಗೆ ಯಾರದ್ದೆಂದು ಗೊತ್ತಿಲ್ಲದ ಮಕ್ಕಳು ಬುಟ್ಟಿ ಹಿಡಿದು ಬರುತ್ತಾರೆ. ದಾಸವಾಳ, ಕೇಪುಳ, ಗೊಂಡೆ, ಕೊನೆಗೆ ನನ್ನ ಹೆಂಡತಿ ಯಾರಿಗೂ ಮುಟ್ಟಲು ಬಿಡದ ಡೇಲಿಯಾ, ಎಲ್ಲವೂ ಇಗರ್ಜಿಯಲ್ಲಿ ಪುಟ್ಟ ಮರಿಯಮ್ಮನ ಪಾದಕ್ಕೆ ಹೋಗುತ್ತದೆ. ದೇವರಿಗೆ ಹೋಗುವ ಹೂವನ್ನು ಇಲ್ಲ ಎನ್ನುವುದು ಹೇಗೆ? ನಮ್ಮ ದೇವರ ತಲೆಗೆ ಆ ಒಂಬತ್ತು ದಿನ ತುಳಸಿಯೇ ಗತಿ. ಸೆಪ್ಟೆಂಬರ್ 8ಕ್ಕೆ ಸರಿಯಾಗಿ ಬಾಯಮ್ಮ ಒಂದು ತೆನೆ, ಒಂದು ಪಾತ್ರೆ ಪಾಯಸ ತಂದು ಲೆಕ್ಕ ಚುಕ್ತಾ ಮಾಡುತ್ತಾರೆ. ಅಂದು ಅವರಲ್ಲಿ ಮೀನು-ಮಾಂಸ ಇಲ್ಲ. ಬಾಳೆಲೆ, ಹೊಸ ಅಕ್ಕಿ ಪುಡಿಮಾಡಿ ಹಾಲಿಗೆ ಸೇರಿಸಿದ ನೊವೆಂ, ಮತ್ತೆ ಪಲ್ಯ-ಪದಾರ್ಥ ಬೆಸ ಸಂಖ್ಯೆಯಲ್ಲೇ ಇರಬೇಕು: ಐದು, ಏಳು, ಕೈಲಾದರೆ ಒಂಬತ್ತು. ನಮ್ಮ ಮನೆಯ ಹೊಸ ಅಕ್ಕಿಯ ಪುದ್ದರ್ ಊಟಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಬೇಕಾದರೆ ಕನ್ನಡಕ ಹಾಕಿಕೊಳ್ಳಬೇಕು.

ಬಾಯಮ್ಮನ ಹೆಸರೂ ಮೇರಿ ಎಂದು ಬೇರೆ ಹೇಳಬೇಕಾಗಿಲ್ಲ. ಅವರ ಅಕ್ಕನೂ ಮೇರಿ, ತಂಗಿಯೂ ಮೇರಿ, ಹಿಂದೆ ಬೇರೆ ಬೇರೆ ಬಾಲ. ಅದು ಸಾಲದೆಂದು ಮರೆಯಲ್ಲಿರುವ ಮೇರಿಯರೂ ಇದ್ದಾರೆ. ಅಸುಂತಾ ಎಂದರೆ ಸ್ವರ್ಗಕ್ಕೆ ಎತ್ತಲ್ಪಟ್ಟ ಮರಿಯಮ್ಮ, ದೊಲೊರೆಸ್ ಎಂದರೆ ಆಕೆಯ ದುಃಖ, ರೊಜಾರಿ ಎಂದರೆ ಆಕೆಯ ಜಪಮಾಲೆ. ಮೂಡುಬಿದಿರೆಯ ಅಲಂಗಾರಿನ ಇಗರ್ಜಿ ಆ ಜಪಮಾಲೆಯ ಮಾತೆಯದ್ದು, ಬಂಟ್ವಾಳದ ಲೊರೆಟ್ಟೊ ಇಗರ್ಜಿಯೂ ಆಕೆಯದ್ದೇ. ಕಾರ್ಮಿನ್ ಬಾಯಿ ಎಂದು ಯಾರಾದರೂ ಸಿಕ್ಕಿದರೆ ಅವರು ಕಾರ್ಮೆಲ್ ಬೆಟ್ಟದ ಮಾತೆಯ ಹೆಸರಿನವರು. ಕಾರ್ಮೆಲ್ ಮತ್ತೆ ಹೀಬ್ರೂ. ದ್ರಾಕ್ಷಿಯ ತೋಟ, ಫಲವತ್ತಾದ ತೋಟ ಎಂದೆಲ್ಲ ಅರ್ಥ. ಮೊಡಂಕಾಪಿನ ಕಾರ್ಮೆಲ್ ಕಾಲೇಜಿಗೆ ಹೋಗುವ ಹುಡುಗಿಯರಿಗೆ ತೋಟ ಎಂದರೆ ಅಡಿಕೆಯದ್ದು, ಅದರ ದರ ಇಳಿದರೆ ಬೆಟ್ಟದ ಮಾತೆಯೇ ಗತಿ.

ಮೊನ್ನೆ ಮೊಂತಿಯ ಪಾಯಸ ತಂದ ಬಾಯಮ್ಮನ ಮುಖದಲ್ಲಿ ಹಬ್ಬ ಇರಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತರು.

"ಮಾಷ್ಟ್ರೇ, ಮೇರಿ ಅಂದ್ರೆ ಕಹಿ ಅಂತ ಹೌದಾ?"

"ಯಾರು ಹೇಳಿದ್ದು?"

"ದುಬಾಯಿಯಿಂದ ಸೊಸೆ. ಮೊಬೈಲಿನಲ್ಲಿ ನೋಡಿದ್ದಂತೆ. ಮೊದಲ ಹೆಣ್ಣುಕೂಸು ಅಲ್ವಾ, ಅಜ್ಜಿಯ ಹೆಸರಿಡುವುದು ನಮ್ಮ ಕ್ರಮ. ಅವಳು ಹೇಳ್ತಾಳೆ, ಮಮ್ಮೀ ಬೇಸರ ಮಾಡ್ಬೇಡಿ, ಕಹಿ ಅಂತ ಅರ್ಥ ಬರುವ ಹೆಸರು ಮಗುವಿಗೆ ಹೇಗೆ ಇಡುವುದು ಅಂತ. ಅರುವತ್ತೆಂಟು ವರ್ಷ ನಾನು ಕಹಿಯಾಗಿ ಇದ್ದದ್ದಾ ಮಾಷ್ಟ್ರೇ? ಬೇರೆ ಒಳ್ಳೆಯ ಅರ್ಥ ಇದ್ರೆ ಹುಡುಕಿ ಕೊಡಿ. ಬರುವ ತಿಂಗಳು ಜ್ಞಾನಸ್ನಾನ."

ಹುಡುಕಿದೆ. ಹುಡುಕಬಾರದಿತ್ತು. ಈ ಹೆಸರಿನ ಅರ್ಥ ಬಿಡಿಸಲು ಹೋಗುವುದೆಂದರೆ ಕೈಗೆ ಎಣ್ಣೆ ಹಚ್ಚದೆ ಹಲಸಿನ ಹಣ್ಣು ಬಿಡಿಸಿದ ಹಾಗೆ. ಮೇಣ ಅಂಟುತ್ತದೆ, ತೊಳೆ ಸಿಗುವುದಿಲ್ಲ. ಹೀಬ್ರೂವಿನಲ್ಲಿ ಮರ್ ಎಂದರೆ ಕಹಿ ಹೌದು. ರೂತಳ ಕತೆಯಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಊರಿಗೆ ಮರಳಿದ ನೊವೊಮಿ ತನ್ನನ್ನು ಇನ್ನು ಮಾರಾ ಎಂದು ಕರೆಯಿರಿ ಎನ್ನುವುದು ಅದೇ ಕಹಿಯಿಂದ. ಆದರೆ ಮಿರ್ಯಾಮಳೂ ಅಲ್ಲಿಂದಲೇ ಬಂದವಳು ಎನ್ನಲು ಎಲ್ಲರೂ ಒಪ್ಪಿಲ್ಲ. ಎದುರು ಬೀಳುವವಳು, ದಂಗೆ ಏಳುವವಳು ಎಂದು ಕೆಲವರು. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ಅದನ್ನು ಸೊಸೆಗೆ ಹೇಳಬೇಡಿ, ಅತ್ತೆಯ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ ಅಂದಾಳು" ಎಂದಳು. ಐಗುಪ್ತದಲ್ಲಿ ಹುಟ್ಟಿ ಬೆಳೆದ ಅಕ್ಕತಮ್ಮಂದಿರಲ್ಲವೇ, ಹೆಸರೂ ಅಲ್ಲಿಯದ್ದೇ ಇರಬೇಕು, ಆ ಭಾಷೆಯ ಪ್ರೀತಿ ಎಂಬ ಧಾತುವಿನಿಂದ ಬಂದು ಪ್ರಿಯೆ ಎಂಬ ಅರ್ಥ ಕೊಡುತ್ತದೆ ಎಂದು ಇನ್ನು ಕೆಲವರು. ನನಗೆ ಒಪ್ಪಿಗೆಯಾದದ್ದು ಇದು.

ಸಂತ ಜೆರೋಮ್ ಎಂಬ ಮಹಾಪಂಡಿತರು ಸುಮಾರು ಸಾವಿರದ ಆರುನೂರು ವರ್ಷದ ಹಿಂದೆ ಇದನ್ನು ಕಡಲಿನ ಹನಿ ಎಂದು ಬಿಡಿಸಿದರು. ಲ್ಯಾಟಿನ್ನಿನಲ್ಲಿ ಸ್ತಿಲ್ಲಾ ಮಾರಿಸ್. ಪ್ರತಿ ಮಾಡುವ ಯಾರೋ ಇಕಾರವನ್ನು ಎಕಾರ ಮಾಡಿ ಸ್ತೆಲ್ಲಾ ಎಂದು ಬರೆದರು ಎನ್ನುತ್ತಾರೆ. ಹನಿ ಹೋಗಿ ನಕ್ಷತ್ರವಾಯಿತು! ಕಡಲಿನ ನಕ್ಷತ್ರ ಎಂಬ ಬಿರುದು ಯುರೋಪಿನ ನಾವಿಕರಿಗೆ ಎಷ್ಟು ಹಿಡಿಸಿತೆಂದರೆ ಹಡಗು, ಬಂದರು, ಇಗರ್ಜಿ ಎಲ್ಲಕ್ಕೂ ಅದೇ ಹೆಸರು. ಜೀವಮಾನವಿಡೀ ಮಕ್ಕಳ ಇಕಾರ-ಎಕಾರಕ್ಕೆ ಕೆಂಪು ಗೆರೆ ಎಳೆದ ನಾನು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಷ್ಟು ನಕ್ಷತ್ರಗಳನ್ನು ಹನಿ ಮಾಡಿದ್ದೇನೋ.

ಇಷ್ಟೆಲ್ಲವನ್ನೂ ಒಟ್ಟು ಹಾಕಿ ಅಳೆದು ಸುರಿದವರು ಜರ್ಮನಿಯ ಓಟ್ಟೊ ಬಾರ್ಡನ್‌ಹೇವರ್. ಇವರು ಪಾದ್ರಿ, ಪ್ರೊಫೆಸರ್. 1895ರಲ್ಲಿ ಈ ಒಂದು ಹೆಸರಿನ ಅರ್ಥದ ಮೇಲೆಯೇ ಒಂದು ಪುಸ್ತಕ ಬರೆದರು. ಹಿಂದಿನವರು ಹೇಳಿದ ಹತ್ತಾರು ಅರ್ಥಗಳನ್ನೆಲ್ಲ ಒಂದೊಂದಾಗಿ ಬದಿಗೆ ಸರಿಸಿ ಕೊನೆಗೆ ಅವರು ಒಲಿದ ಅರ್ಥ: ಮೈದುಂಬಿದವಳು, ಚೆನ್ನಾಗಿ ಉಂಡು ಬೆಳೆದವಳು. ಆ ಕಾಲದ ಆ ದೇಶಗಳಲ್ಲಿ ಅದೇ ಚೆಲುವಿನ ಲಕ್ಷಣವಂತೆ.

ಎಲ್ಲವನ್ನೂ ಒಂದು ಹಾಳೆಯಲ್ಲಿ ದುಂಡಗೆ ಬರೆದು ಬೇಲಿಯ ಬಳಿ ಹೋದೆ. ಬಾಯಮ್ಮ ಮಲ್ಲಿಗೆ ಗಿಡಕ್ಕೆ ಗೊಬ್ಬರ ಹಾಕುತ್ತಿದ್ದರು. ಪ್ರಿಯೆ ಎಂಬುದನ್ನು ಮೊದಲು ಹೇಳಿದೆ, ಐತಿಹಾಸಿಕ ಕಾರಣಗಳ ಸಮೇತ. "ಹ್ಞಾಂ" ಎಂದರು. ಕಡಲಿನ ನಕ್ಷತ್ರ ಹೇಳಿದೆ. "ಅದು ನಾವು ಕೇಳಿದ್ದೇ" ಎಂದರು, ಗೊಬ್ಬರದ ಬುಟ್ಟಿ ಕೆಳಗಿಡಲಿಲ್ಲ. ಇನ್ನೊಂದು ಉಂಟು, ಆದರೆ ಅದು ಅಷ್ಟು ಕಾವ್ಯಮಯವಲ್ಲ ಎಂದು ಅನುಮಾನಿಸುತ್ತಲೇ, ಮೈಕೈ ತುಂಬಿಕೊಂಡವಳು ಎಂದೆ.

ಬುಟ್ಟಿ ಕೆಳಗೆ ಬಂತು.

"ಅದೇ ಮಾಷ್ಟ್ರೇ! ಹುಟ್ಟುವಾಗಲೇ ನಾಲ್ಕು ಕಿಲೋ ಇದ್ದ ಕೂಸು ನಮ್ಮದು. ಫೋಟೋ ನೋಡಿ ಬೇಕಾದ್ರೆ, ತೊಡೆ ಹೇಗುಂಟು! ಅದನ್ನೇ ಬೇರೆ ಕಾಗದದಲ್ಲಿ ಬರೆದು ಕೊಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸ್ತೇನೆ."

"ಕೆಳಗೆ ಯಾರ ಹೆಸರು ಹಾಕಲಿ? ನಾನು ಸಹಿ ಮಾಡಲಾ?"

"ಬೇಡ, ಜರ್ಮನಿಯ ಪಾದ್ರಿಯದ್ದೇ ಹಾಕಿ" ಎಂದರು ಬಾಯಮ್ಮ. "ನೀವು ಹೇಳಿದ್ದೂಂದ್ರೆ ಸೊಸೆ ನಂಬುದಿಲ್ಲ."